ಬೇಡ ಎಂದವರಿಗೇ ಕುರ್ಚಿ

1976ರ ಡಿಸೆಂಬರ್ 20ರಂದು ಶಿಕಾಗೋ ನಗರದ ಮೇಯರ್ ರಿಚರ್ಡ್ ಜೆ. ಡೇಲಿ ತೀರಿಕೊಂಡರು. ಇಪ್ಪತ್ತೊಂದು ವರ್ಷ ಆ ಊರನ್ನು ಆಳಿದ ಮನುಷ್ಯ. ಮೇಯರ್ ಎಂದರೆ ಡೇಲಿ, ಡೇಲಿ ಎಂದರೆ ಮೇಯರ್ ಎಂದುಕೊಂಡೇ ಅಲ್ಲಿ ಒಂದು ತಲೆಮಾರು ಬೆಳೆದಿತ್ತು. ಮೇಯರ್ ಇಲ್ಲದಾಗ ಸಭೆ ನಡೆಸುವ ಹೊಣೆ ಹೊತ್ತಿದ್ದವರು ವಿಲ್ಸನ್ ಫ್ರಾಸ್ಟ್, ಕಪ್ಪು ಜನಾಂಗದ ನಗರಸಭಾ ಸದಸ್ಯ. ನಿಯಮದ ಪ್ರಕಾರ ಹಂಗಾಮಿ ಮೇಯರ್ ನಾನೇ ಎಂದು ಅವರು ಹೇಳಿಕೊಂಡರು. ಕಚೇರಿಗೆ ಹೋದರೆ ಬಾಗಿಲಿಗೆ ಬೀಗ, ಎದುರಿಗೆ ಪೊಲೀಸರು. ಕೀಲಿಕೈ ಸಿಗುತ್ತಿಲ್ಲ ಎಂಬ ಉತ್ತರ ಬಂತು.

ಆ ಕೀಲಿಕೈ ಕಳೆದುಹೋದದ್ದಲ್ಲ ಎನ್ನುವುದು ಮಕ್ಕಳಿಗೂ ತಿಳಿಯುವ ಮಾತು. ಫ್ರಾಸ್ಟ್ ಅವರಿಗೆ ಆ ಹಕ್ಕಿಲ್ಲ ಎಂದು ನಗರದ ಕಾನೂನು ಸಲಹೆಗಾರರು ಅಭಿಪ್ರಾಯ ಕೊಟ್ಟರು. ತೆರೆಯ ಹಿಂದೆ ಮಾತುಕತೆ ನಡೆದು ಕೆಲವೇ ದಿನಗಳಲ್ಲಿ ರಾಜಿಯಾಯಿತು. ಡೇಲಿಯವರ ಸ್ವಂತ ವಾರ್ಡಿನ ಸದಸ್ಯ ಮೈಕೆಲ್ ಬಿಲಾಂಡಿಕ್ ಹಂಗಾಮಿ ಮೇಯರ್ ಆಗುವುದು, ಅವರು ತೆರವು ಮಾಡುವ ಹಣಕಾಸು ಸಮಿತಿಯ ಅಧ್ಯಕ್ಷಗಿರಿ ಫ್ರಾಸ್ಟ್ ಅವರಿಗೆ ಸಿಗುವುದು. ಇಷ್ಟು ಸುಲಭವಾಗಿ ಎಲ್ಲರೂ ಬಿಲಾಂಡಿಕ್‌ರನ್ನು ಒಪ್ಪಿದ್ದಕ್ಕೆ ಒಂದು ಕಾರಣವಿತ್ತು. ಮುಂದಿನ ವರ್ಷದ ವಿಶೇಷ ಚುನಾವಣೆಗೆ ನಾನು ನಿಲ್ಲುವುದಿಲ್ಲ, ಅಲ್ಲಿಯವರೆಗೆ ಕುರ್ಚಿ ಕಾಯುತ್ತೇನೆ ಅಷ್ಟೆ ಎಂದು ಅವರು ಮಾತು ಕೊಟ್ಟಿದ್ದರು.

1977ರಲ್ಲಿ ಅದೇ ಬಿಲಾಂಡಿಕ್ ಚುನಾವಣೆಗೆ ನಿಂತರು. ಗೆದ್ದರು ಕೂಡ.

ಮೇಯರ್ ನಡುದಾರಿಯಲ್ಲಿ ಸತ್ತರೆ, ರಾಜೀನಾಮೆ ಕೊಟ್ಟರೆ, ಜೈಲಿಗೆ ಹೋದರೆ ಮುಂದೇನು ಎನ್ನುವುದಕ್ಕೆ ಅಮೆರಿಕದ ಅನೇಕ ನಗರಗಳು ತಮ್ಮ ಚಾರ್ಟರಿನಲ್ಲಿ ಒಂದಷ್ಟು ಸಾಲು ಬರೆದಿಟ್ಟುಕೊಂಡಿರುತ್ತವೆ. ಚಾರ್ಟರ್ ಎಂದರೆ ಊರಿನ ಪುಟ್ಟ ಸಂವಿಧಾನ. ಸಾಮಾನ್ಯವಾಗಿ ಸಭೆಯ ಅಧ್ಯಕ್ಷರೋ ಉಪಮೇಯರೋ ಕೆಲವು ದಿನ ಹಂಗಾಮಿಯಾಗಿ ಕೂರುತ್ತಾರೆ, ಆಮೇಲೆ ಸಭೆ ಬಹುಮತದಿಂದ ಒಬ್ಬರನ್ನು ಆರಿಸುತ್ತದೆ, ಅವರು ಮುಂದಿನ ಚುನಾವಣೆಯವರೆಗೆ ಇರುತ್ತಾರೆ. ಓದಲು ಇದು ಸಪ್ಪೆ ಕಾನೂನು. ಆದರೆ ಆ ಕೆಲವು ದಿನಗಳಲ್ಲಿ ಮನುಷ್ಯರು ನಡೆದುಕೊಳ್ಳುವ ರೀತಿಯಲ್ಲಿ ನೀತಿಶಾಸ್ತ್ರದ ಒಂದು ಇಡೀ ಪಾಠವಿದೆ. ಯಾಕೆಂದರೆ ಆಗ ಮತದಾರ ಕೋಣೆಯ ಹೊರಗಿರುತ್ತಾನೆ. ಒಳಗಿರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಆ ಕುರ್ಚಿಯ ಮೇಲೆ ತಮ್ಮದೇ ಒಂದು ಕಣ್ಣಿರುತ್ತದೆ. ತನಗೆ ಬೇಕಾದದ್ದನ್ನು ಇನ್ನೊಬ್ಬರ ಕೈಗೆ ಕೊಡಬೇಕಾದಾಗ ಮನುಷ್ಯ ಯಾರನ್ನು ಹುಡುಕುತ್ತಾನೆ? ಬೇಡ ಎನ್ನುವವನನ್ನು.

ಈ 'ಬೇಡ'ದ ಬಗ್ಗೆ ನಮಗೆ ಹುಟ್ಟಿನಿಂದಲೇ ಗೌರವ. ಕೊಟ್ಟರೂ ಒಲ್ಲೆ ಎಂದವನು ದೊಡ್ಡವನು, ಕೇಳಿ ಪಡೆದವನು ಸಣ್ಣವನು ಎಂಬ ಲೆಕ್ಕ ನಮ್ಮ ಮೈಯಲ್ಲೇ ಇದೆ. 2024ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡ ಆತಿಶಿ, ಕೇಜ್ರಿವಾಲರ ಕುರ್ಚಿಯನ್ನು ಖಾಲಿ ಬಿಟ್ಟು ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಕುಳಿತು, ಭರತ ಪಾದುಕೆಗಳನ್ನಿಟ್ಟು ರಾಜ್ಯವಾಳಿದ್ದನ್ನು ನೆನೆಸಿದರು. ಕೆಲವರು ಮೆಚ್ಚಿದರು, ಕೆಲವರು ನಕ್ಕರು. ಆದರೆ ಆ ಹೋಲಿಕೆ ತಪ್ಪಿದ್ದು ಬೇರೊಂದು ಕಡೆ. ಹದಿನಾಲ್ಕು ವರ್ಷದ ಮೇಲೆ ಬರುವವನು ಯಾರು ಎಂಬುದು ಭರತನಿಗೆ ಗೊತ್ತಿತ್ತು. ಚುನಾವಣೆ ಇರುವ ಊರಿನಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ. ದೆಹಲಿಯಲ್ಲಿ ಯಾರಿಗೆಂದು ಆ ಕುರ್ಚಿ ಕಾದಿರಿಸಿದ್ದರೋ ಅವರು ಐದೇ ತಿಂಗಳಲ್ಲಿ ತಮ್ಮ ಸ್ವಂತ ಕ್ಷೇತ್ರದಲ್ಲೇ ಸೋತರು. ಇನ್ನೊಂದು ಮಾತೂ ಇದೆ. ಭರತನಿಂದ ಯಾರೂ ಪ್ರಮಾಣ ಮಾಡಿಸಿಕೊಂಡಿರಲಿಲ್ಲ. ಅದು ಅವನಾಗಿ ತೊಟ್ಟ ವ್ರತ. ಶಿಕಾಗೋದಲ್ಲಿ ಬಿಲಾಂಡಿಕ್ ಕೊಟ್ಟ ಮಾತು ವ್ರತವಲ್ಲ, ಬೆಲೆ. ಆ ಬೆಲೆ ತೆತ್ತೇ ಅವರು ಒಳಗೆ ಬಂದದ್ದು.

ಮಾತು ತಪ್ಪಿದ ಬಿಲಾಂಡಿಕ್ ಅವರಿಗೆ ಮತದಾರರು ಅದಕ್ಕಾಗಿ ಶಿಕ್ಷೆ ಕೊಡಲಿಲ್ಲ. ಶಿಕ್ಷೆ ಬಂದದ್ದು ಆಮೇಲೆ, ಬೇರೆ ಕಾರಣಕ್ಕೆ. 1979ರ ಜನವರಿಯಲ್ಲಿ ಶಿಕಾಗೋದ ಮೇಲೆ ಭಾರೀ ಹಿಮ ಸುರಿಯಿತು. ರಸ್ತೆಗಳು ವಾರಗಟ್ಟಲೆ ತೆರವಾಗಲಿಲ್ಲ. ನಗರದ ರೈಲುಗಳು ಕಪ್ಪು ಜನರಿರುವ ಬಡಾವಣೆಗಳ ನಿಲ್ದಾಣಗಳಲ್ಲಿ ನಿಲ್ಲದೆ ಮುಂದೆ ಹೋದವು. ಮರುತಿಂಗಳೇ ಪಕ್ಷದ ಒಳಚುನಾವಣೆಯಲ್ಲಿ ಜೇನ್ ಬರ್ನ್ ಎಂಬ ಹೆಂಗಸು ಬಿಲಾಂಡಿಕ್‌ರನ್ನು ಸೋಲಿಸಿದರು. ಮಾತಿಗೆ ತಪ್ಪಿದ್ದನ್ನು ಕ್ಷಮಿಸಿದ ಜನ ಹಿಮ ಎತ್ತದೆ ಬಿಟ್ಟದ್ದನ್ನು ಕ್ಷಮಿಸಲಿಲ್ಲ. ಇದರಲ್ಲಿ ಜನರ ತಪ್ಪೇನೂ ನನಗೆ ಕಾಣುವುದಿಲ್ಲ. ಆ ಮಾತು ಜನರಿಗೆ ಕೊಟ್ಟದ್ದಾಗಿರಲಿಲ್ಲ. ಮುಚ್ಚಿದ ಬಾಗಿಲ ಹಿಂದೆ ಕುಳಿತಿದ್ದ ಕೆಲವು ಸದಸ್ಯರಿಗೆ ಕೊಟ್ಟದ್ದು.

ಈಗ ಸ್ಯಾನ್ ಫ್ರಾನ್ಸಿಸ್ಕೋಗೆ ಬರೋಣ. ಈ ವಿಷಯದಲ್ಲಿ ಆ ಊರಿನಷ್ಟು ಅನುಭವ ಇನ್ನಾವ ಊರಿಗೂ ಇರಲಿಕ್ಕಿಲ್ಲ.

ಅಲ್ಲಿನ ನಗರಸಭೆಯನ್ನು ಬೋರ್ಡ್ ಆಫ್ ಸೂಪರ್‌ವೈಸರ್ಸ್ ಎನ್ನುತ್ತಾರೆ. ಹನ್ನೊಂದು ಜನ ಸದಸ್ಯರು. ಮೇಯರ್ ಸ್ಥಾನ ತೆರವಾದರೆ ಬೋರ್ಡಿನ ಅಧ್ಯಕ್ಷರು ಹಂಗಾಮಿ ಮೇಯರ್. ಆರು ಮತ ಬಿದ್ದವರು ಮುಂದಿನ ಚುನಾವಣೆಯವರೆಗೆ ಪೂರ್ಣ ಮೇಯರ್. ತನ್ನ ಹೆಸರು ಸೂಚಿತವಾದ ಸದಸ್ಯ ತನಗೇ ಮತ ಹಾಕಿಕೊಳ್ಳುವಂತಿಲ್ಲ, ಚರ್ಚೆಯ ಹೊತ್ತಿಗೆ ಎದ್ದು ಹೊರಗೆ ಹೋಗಬೇಕು. ಈ ಒಂದು ನಿಯಮ ನನಗೆ ಬಹಳ ಹಿಡಿಸಿತು. ನಿನಗೆ ಬೇಕೋ ಬೇಡವೋ ಎಂದು ಅದು ಕೇಳುವುದೇ ಇಲ್ಲ. ಬೇಕು ಎನ್ನುವುದಾದರೆ ಹೊರಗೆ ನಿಂತುಕೋ ಎನ್ನುತ್ತದೆ.

2010ರ ನವೆಂಬರ್‌ನಲ್ಲಿ ಮೇಯರ್ ಗ್ಯಾವಿನ್ ನ್ಯೂಸಮ್ ಕ್ಯಾಲಿಫೋರ್ನಿಯಾದ ಲೆಫ್ಟಿನೆಂಟ್ ಗವರ್ನರ್ ಆಗಿ ಗೆದ್ದರು. ಇನ್ನೂ ಒಂದು ವರ್ಷದ ಅವಧಿ ಉಳಿದಿತ್ತು. ಬೋರ್ಡಿನಲ್ಲಿ ಮುಂದಿನ ಮೇಯರ್ ಆಗಬೇಕೆಂದಿದ್ದವರು ಒಬ್ಬರಿಬ್ಬರಲ್ಲ. ಯಾರನ್ನು ಕೂರಿಸಿದರೂ ಅವರಿಗೆ ಒಂದು ವರ್ಷ ಮುಂಚೆ ಓಟ ಶುರುಮಾಡಿಕೊಟ್ಟಂತೆ. ತಿಂಗಳುಗಟ್ಟಲೆ ಲೆಕ್ಕಾಚಾರ ನಡೆದ ಮೇಲೆ ಎಲ್ಲರ ಕಣ್ಣು ಎಡ್ ಲೀ ಎಂಬ ಅಧಿಕಾರಿಯ ಮೇಲೆ ಬಿತ್ತು. ಚೀನಾ ಮೂಲದ ಬಡ ಕುಟುಂಬದವರು, ಯುವಕನಾಗಿದ್ದಾಗ ಚೈನಾಟೌನಿನ ಬಾಡಿಗೆದಾರರ ಪರ ಹೋರಾಡಿದ ವಕೀಲ, ಆಮೇಲೆ ಎರಡು ದಶಕ ನಗರದ ಆಡಳಿತದಲ್ಲಿ ಒಂದು ಇಲಾಖೆಯಿಂದ ಇನ್ನೊಂದಕ್ಕೆ ದುಡಿದವರು. ಯಾವ ಚುನಾವಣೆಗೂ ನಿಂತವರಲ್ಲ. ಆಗ ಅವರು ಊರಿನಲ್ಲೂ ಇರಲಿಲ್ಲ, ಏಷ್ಯಾ ಪ್ರವಾಸದಲ್ಲಿದ್ದರು. ನವೆಂಬರ್ ಚುನಾವಣೆಗೆ ನಿಲ್ಲುವುದಿಲ್ಲ ಎಂದು ಅವರು ಹೇಳಿದರು. ಅಷ್ಟು ಸಾಕಾಯಿತು. 2011ರ ಜನವರಿ 7ರಂದು ಬೋರ್ಡ್ ಹತ್ತಕ್ಕೆ ಒಂದು ಮತದಿಂದ ಅವರನ್ನು ಆರಿಸಿತು, ಕೆಲವೇ ದಿನದಲ್ಲಿ ಹೊಸದಾಗಿ ಬಂದ ಬೋರ್ಡ್ ಅವಿರೋಧವಾಗಿ ಅನುಮೋದಿಸಿತು. ಆ ನಗರದ ಮೊದಲ ಏಷ್ಯನ್ ಮೂಲದ ಮೇಯರ್.

ಏಳು ತಿಂಗಳು ಕಳೆಯಿತು. ಲೀ ಚೆನ್ನಾಗಿಯೇ ಕೆಲಸ ಮಾಡಿದರು. ಗದ್ದಲವಿಲ್ಲದ ಮನುಷ್ಯ, ನಗುಮುಖ, ಪೊದೆಮೀಸೆ. ಜನಕ್ಕೆ ಇಷ್ಟವಾದರು. ನೀವೇ ನಿಲ್ಲಬೇಕು ಎಂಬ ಪ್ರಚಾರ ಬೀದಿಬೀದಿಯಲ್ಲಿ ಎದ್ದಿತು. ಅದು ತಾನಾಗಿ ಎದ್ದದ್ದೋ ಎಬ್ಬಿಸಿದ್ದೋ ಎಂಬ ಚರ್ಚೆ ಆಗಲೂ ಇತ್ತು. ಪ್ರಭಾವಿಗಳ ಕೈ ಅದರ ಹಿಂದೆ ಇದ್ದದ್ದಂತೂ ಗುಟ್ಟಾಗಿರಲಿಲ್ಲ. ಆಗಸ್ಟ್‌ನಲ್ಲಿ ಲೀ ತಾವು ಅಭ್ಯರ್ಥಿ ಎಂದು ಘೋಷಿಸಿದರು. ಅವರನ್ನು ಬೆಂಬಲಿಸಿ ಕೂರಿಸಿದ್ದ ಬೋರ್ಡಿನ ಅಧ್ಯಕ್ಷ ಡೇವಿಡ್ ಚಿಯು ಸ್ವತಃ ಕಣದಲ್ಲಿದ್ದರು. ಅವರ ಮುಖ ಹೇಗಾಗಿರಬೇಕು ಎಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ. ನವೆಂಬರ್‌ನಲ್ಲಿ ಲೀ ಗೆದ್ದರು, 2015ರಲ್ಲಿ ಮತ್ತೆ ಗೆದ್ದರು.

(ಲೀ ಅಭ್ಯರ್ಥಿಯಾದ ಅದೇ ಆಗಸ್ಟ್ ತಿಂಗಳಲ್ಲಿ ಇಲ್ಲಿ ಬೆಂಗಳೂರಿನಲ್ಲಿ ಯಡಿಯೂರಪ್ಪನವರು ಕುರ್ಚಿ ಬಿಟ್ಟು ತಮ್ಮ ಆಯ್ಕೆಯ ಸದಾನಂದಗೌಡರನ್ನು ಮುಖ್ಯಮಂತ್ರಿ ಮಾಡಿದ್ದರು. ವರ್ಷ ತುಂಬುವ ಮೊದಲೇ ಇಬ್ಬರ ನಡುವೆ ಎಣ್ಣೆ ಸೀಗೆಕಾಯಿ ಸಂಬಂಧ. ಕೂತವರಿಗೆ ಕುರ್ಚಿ ತಮ್ಮದೇ ಎನಿಸುವುದು ಸಾಗರದ ಆಚೆಯ ರೋಗ ಮಾತ್ರವಲ್ಲ.)

ಎಡ್ ಲೀ ಮಾಡಿದ್ದು ತಪ್ಪೇ? ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಕೊಟ್ಟ ಮಾತು ಕೊಟ್ಟ ಮಾತೇ, ಎದುರಿಗಿರುವುದು ಹುಲಿಯಾದರೂ ಸರಿ. ಆದರೆ ಇಲ್ಲಿ ಮಾತು ಕೇಳಿದ ಹುಲಿಗಳೇ ಹಲವು, ಹಸಿದಿದ್ದದ್ದು ಅವರೇ. ನೀನು ಬಯಸಬೇಡ ಎಂದು ಅವರು ಕೇಳಿದ್ದು ತಾವು ಬಯಸುವುದಕ್ಕೆ ಅಡ್ಡಿಯಾಗದಿರಲಿ ಎಂದು. ಇನ್ನೊಬ್ಬರಿಂದ ತ್ಯಾಗ ಮಾಡಿಸಿ ತಮ್ಮ ಆಸೆಯನ್ನು ಉಳಿಸಿಕೊಳ್ಳುವ ವ್ಯವಹಾರ ಅದು. ಹಾಗಂತ ಲೀ ಅವರನ್ನು ಪೂರ್ತಿ ಬಿಟ್ಟುಬಿಡಲೂ ಮನಸ್ಸು ಒಪ್ಪುವುದಿಲ್ಲ. ಆ ಮಾತಿಲ್ಲದೆ ಹೋಗಿದ್ದರೆ ಅವರಿಗೆ ಆ ಏಳು ತಿಂಗಳು ಸಿಗುತ್ತಿರಲಿಲ್ಲ, ಆ ಏಳು ತಿಂಗಳಿಲ್ಲದೆ ಹೋಗಿದ್ದರೆ ನಿಲ್ಲಿ ಎನ್ನುವ ಜನವೂ ಇರುತ್ತಿರಲಿಲ್ಲ. ಮಾತು ಕೊಟ್ಟು ಪಡೆದ ಲಾಭವನ್ನು ಇಟ್ಟುಕೊಂಡು ಮಾತನ್ನು ಮಾತ್ರ ಬಿಟ್ಟರು. ಜನ ಬಯಸಿದರು ಎಂಬ ಸಮರ್ಥನೆ ಜನರ ಮುಂದೆ ನಿಲ್ಲುತ್ತದೆ. ಡೇವಿಡ್ ಚಿಯು ಅವರ ಮುಂದೆ ನಿಲ್ಲುವುದಿಲ್ಲ. ಮತದಾರರು ಅಧಿಕಾರ ಕೊಡಬಲ್ಲರು, ಬೇರೆಯವರಿಗೆ ಕೊಟ್ಟ ಮಾತಿನಿಂದ ಬಿಡುಗಡೆ ಕೊಡಲಾರರು.

ಎಡ್ ಲೀ 2017ರ ಡಿಸೆಂಬರ್ 12ರಂದು ಮೇಯರ್ ಆಗಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. 65 ವರ್ಷ. ಕುರ್ಚಿ ಮತ್ತೆ ಖಾಲಿಯಾಯಿತು. ಆ ಕಥೆಗೆ ಹೋಗುವ ಮೊದಲು, ಯಾರಿಂದಲೂ ಯಾವ ಮಾತನ್ನೂ ಪಡೆಯಲು ವ್ಯವಧಾನವೇ ಇಲ್ಲದ ಒಂದು ದಿನವನ್ನು ನೆನೆಯಬೇಕು.

1978ರ ನವೆಂಬರ್ 27. ಅದೇ ಊರು, ಅದೇ ಸಿಟಿ ಹಾಲ್. ಮೇಯರ್ ಜಾರ್ಜ್ ಮಾಸ್ಕೋನಿಯವರನ್ನೂ ಬೋರ್ಡಿನ ಸದಸ್ಯ ಹಾರ್ವಿ ಮಿಲ್ಕ್ ಅವರನ್ನೂ ಮಾಜಿ ಸದಸ್ಯ ಡ್ಯಾನ್ ವೈಟ್ ಅಲ್ಲೇ ಗುಂಡಿಟ್ಟು ಕೊಂದ. ಆ ಕೊಲೆಯ ಮೂಲದಲ್ಲಿ ಇದ್ದದ್ದೂ ಒಂದು ತೆರವಾದ ಸ್ಥಾನವೇ. ಸಂಬಳ ಸಾಲದೆಂದು ವೈಟ್ ಆ ತಿಂಗಳು 10ರಂದು ರಾಜೀನಾಮೆ ಕೊಟ್ಟಿದ್ದ. ಕೆಲವೇ ದಿನದಲ್ಲಿ ಮನಸ್ಸು ಬದಲಿಸಿ ಸ್ಥಾನ ವಾಪಸ್ ಬೇಕೆಂದ. ಅಲ್ಲಿ ಬೋರ್ಡಿನ ತೆರವನ್ನು ತುಂಬುವ ಅಧಿಕಾರ ಮೇಯರರದ್ದು. ಮಾಸ್ಕೋನಿ ಮೊದಲು ಹೂಂ ಎಂದವರು ಆಮೇಲೆ ಹಿಂದೆ ಸರಿದರು. ಬೇರೊಬ್ಬರ ಹೆಸರು ಘೋಷಿಸಬೇಕಿದ್ದ ದಿನವೇ ವೈಟ್ ನೆಲಮಹಡಿಯ ಕಿಟಕಿಯಿಂದ ಒಳಗೆ ನುಸುಳಿದ. ಬಾಗಿಲಲ್ಲಿ ಲೋಹಶೋಧಕ ಯಂತ್ರವಿತ್ತು, ಅವನ ಬಳಿ ರಿವಾಲ್ವರ್ ಇತ್ತು.

ಬೋರ್ಡಿನ ಅಧ್ಯಕ್ಷೆಯಾಗಿದ್ದವರು ಡಯಾನ್ ಫೈನ್‌ಸ್ಟೈನ್. ಮೇಯರ್ ಸ್ಥಾನಕ್ಕೆ ಎರಡು ಸಲ, 1971ರಲ್ಲೂ 1975ರಲ್ಲೂ, ನಿಂತು ಸೋತವರು. ಇನ್ನು ರಾಜಕೀಯ ಸಾಕು ಎಂದು ಅಂದು ಬೆಳಿಗ್ಗೆಯೇ ಪತ್ರಕರ್ತರ ಬಳಿ ಹೇಳಿಕೊಂಡಿದ್ದರು. ಮಿಲ್ಕ್ ಬಿದ್ದಿದ್ದನ್ನು ಮೊದಲು ಕಂಡು ನಾಡಿ ಹಿಡಿಯಲು ಕೈಚಾಚಿದವರು ಅವರೇ, ಬೆರಳು ಗುಂಡು ಹೊಕ್ಕ ಗಾಯಕ್ಕೆ ತಾಗಿತು ಎಂದು ಆಮೇಲೆ ಹಲವು ಸಲ ಹೇಳಿದ್ದಾರೆ. ಇಬ್ಬರ ಸಾವನ್ನು ಊರಿಗೆ ತಿಳಿಸಿದವರೂ ಅವರೇ. ಡಿಸೆಂಬರ್ 4ರಂದು ಬೋರ್ಡ್ ಅವರನ್ನು ಮೇಯರ್ ಆಗಿ ಆರಿಸಿತು. ಮತದಾರರು ಎರಡು ಸಲ ಕೊಡದೆ ಹೋದದ್ದು ಹೀಗೆ ಕೈಗೆ ಬಂತು. ಮರುವರ್ಷ ಅವರು ಚುನಾವಣೆಗೆ ನಿಂತು ಗೆದ್ದರು, 1988ರವರೆಗೆ ಆಳಿದರು.

ಫೈನ್‌ಸ್ಟೈನ್ ಬಗ್ಗೆ ಯೋಚಿಸುವಾಗೆಲ್ಲ ಬಯಕೆಯ ಬಗ್ಗೆ ನಾವು ಇಟ್ಟುಕೊಂಡಿರುವ ಅನುಮಾನ ಸ್ವಲ್ಪ ಸಡಿಲವಾಗುತ್ತದೆ. ಆಕೆಗೆ ಆ ಕುರ್ಚಿ ಬೇಕಿತ್ತು ಎಂಬುದು ಊರಿಗೆಲ್ಲ ಗೊತ್ತಿತ್ತು, ಎರಡು ಚುನಾವಣೆಯ ದಾಖಲೆಯೇ ಇತ್ತು. ಆದರೂ ಊರು ನಡುಗುತ್ತಿದ್ದ ಹೊತ್ತಿನಲ್ಲಿ ನಡುಗದೆ ನಿಂತದ್ದು ಹಿಂದೆ ಬಯಸಿದ್ದ ಆ ಹೆಂಗಸೇ. ಬಯಸಿದವರು ಆ ಕೆಲಸದ ಬಗ್ಗೆ ಯೋಚಿಸಿರುತ್ತಾರೆ. ಬಜೆಟ್ಟು, ಪೊಲೀಸು, ಕಸ, ನೀರು ಎಲ್ಲ ಓದಿಕೊಂಡಿರುತ್ತಾರೆ. ಬೇಡ ಎನ್ನುವವರು ಕೆಲವೊಮ್ಮೆ ಬರೀ ತಯಾರಿಲ್ಲದವರು ಅಷ್ಟೆ. ನಿರ್ಮೋಹಕ್ಕೂ ಉದಾಸೀನಕ್ಕೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ.

ಮತ್ತೆ ಶಿಕಾಗೋ, 1987. ಆ ನಗರದ ಮೊದಲ ಕಪ್ಪು ಮೇಯರ್ ಹೆರಾಲ್ಡ್ ವಾಷಿಂಗ್ಟನ್ ನವೆಂಬರ್ 25ರಂದು ಕಚೇರಿಯ ಮೇಜಿನಲ್ಲೇ ಕುಸಿದು ತೀರಿಕೊಂಡರು. 1983ರಲ್ಲಿ ಅವರು ಗೆದ್ದಾಗ ಐವತ್ತು ಜನರ ಸಭೆಯಲ್ಲಿ 29 ಜನ ಗುಂಪುಕಟ್ಟಿ ಅವರ ಹೆಜ್ಜೆಹೆಜ್ಜೆಗೂ ಅಡ್ಡ ನಿಂತಿದ್ದರು. ಆ ಜಗಳ ಮುಗಿಸಿ ಎರಡನೇ ಸಲ ಗೆದ್ದು ಇನ್ನೇನು ಆಳ್ವಿಕೆ ಶುರು ಎನ್ನುವಷ್ಟರಲ್ಲಿ ಸಾವು. ಒಂದು ವಾರ ಉಪಮೇಯರ್ ಡೇವಿಡ್ ಓರ್ ಊರು ನೋಡಿಕೊಂಡರು. 1976ರ ಗೊಂದಲದ ಮೇಲೆ ಹುಟ್ಟಿದ ಹುದ್ದೆ ಅದು. ಈ ಸಲ ಕೀಲಿಕೈಯ ತಕರಾರು ಬರಲಿಲ್ಲ.

ಡಿಸೆಂಬರ್ 1ರ ಸಂಜೆ ಸಭೆ ಸೇರಿತು. ಕಣದಲ್ಲಿದ್ದವರು ಇಬ್ಬರು, ಯೂಜಿನ್ ಸಾಯರ್ ಮತ್ತು ತಿಮೊಥಿ ಇವಾನ್ಸ್. ಇಬ್ಬರೂ ಕಪ್ಪು ಜನಾಂಗದವರು, ಇಬ್ಬರೂ ವಾಷಿಂಗ್ಟನ್ ಕಡೆಯವರು. ಇವಾನ್ಸ್ ಹಿಂದೆ ವಾಷಿಂಗ್ಟನ್ ಅವರ ಕಾರ್ಯಕರ್ತರ ಪಡೆ ಇತ್ತು. ಸಾಯರ್ ಹಿಂದೆ ಹಿಂದಿನ ವಿರೋಧಿ ಗುಂಪಿನ ಬಿಳಿಯ ಸದಸ್ಯರು ಮತ್ತು ಕೆಲವು ಕಪ್ಪು ಸದಸ್ಯರು. ಸಾಯರ್ ಮೃದು ಮಾತಿನವರು, ಒಳ್ಳೆಯವರೆಂದು ಎಲ್ಲರೂ ಒಪ್ಪುತ್ತಿದ್ದರು. ಅದೇ ಕಾರಣಕ್ಕೆ ವಿರೋಧಿಗಳಿಗೂ ಅವರು ಬೇಕಾಗಿದ್ದರು. ಸಿಟಿ ಹಾಲಿನ ಒಳಗೂ ಹೊರಗೂ ಸಾವಿರಾರು ಜನ ಸೇರಿ ವ್ಯಾಪಾರ ಬೇಡ, ವ್ಯಾಪಾರ ಬೇಡ ಎಂದು ಕೂಗಿದರು, ಡಾಲರ್ ನೋಟು ಬೀಸಿ ಅಣಕಿಸಿದರು. ಸಾಯರ್ ರಾತ್ರಿಯೆಲ್ಲ ಹಿಂದೆಮುಂದೆ ನೋಡಿದರು. ಅವರನ್ನು ಒಪ್ಪಿಸಲು ಅವರ ಪರದವರಿಗೇ ಸಾಕುಸಾಕಾಯಿತು. ಮಾತಿಗೆ ಅವಕಾಶ ಸಿಗದ ಒಬ್ಬ ಸದಸ್ಯ ಮೇಜಿನ ಮೇಲೆ ಹತ್ತಿ ನಿಂತ. ಬೆಳಗಿನ ಜಾವ ನಾಲ್ಕು ಗಂಟೆಗೆ ಮತ ಎಣಿಸಿದಾಗ ಸಾಯರ್ ಅವರಿಗೆ 29, ಇವಾನ್ಸ್ ಅವರಿಗೆ 19.

ಆ ಸಾವಿರಾರು ಜನ ತಪ್ಪು ಎನ್ನಲಾರೆ. ತಾವು ಏಳು ತಿಂಗಳ ಹಿಂದೆ ಹಾಕಿದ ಮತ ಯಾರ ಕೈಗೆ ಹೋಯಿತು ಎಂಬುದು ಅವರ ಸಂಕಟ. ವಾಷಿಂಗ್ಟನ್‌ಗೆ ಹಾಕಿದ ಮತ ವಾಷಿಂಗ್ಟನ್ ಜೊತೆಗೇ ಮುಗಿಯಿತೇ, ಅವರ ಬಳಗಕ್ಕೆ ಸಲ್ಲುತ್ತದೆಯೇ? ಕಾನೂನಿಗೆ ಈ ಪ್ರಶ್ನೆ ಅರ್ಥವೇ ಆಗುವುದಿಲ್ಲ. ಅದು ತಲೆ ಎಣಿಸುತ್ತದೆ. ಸಾಯರ್ ಆಡಳಿತ ಅವರ ಶತ್ರುಗಳು ಹೇಳಿದಷ್ಟು ಕೆಟ್ಟದ್ದಾಗಿರಲಿಲ್ಲ. ವಾಷಿಂಗ್ಟನ್ ಕಾಲದಲ್ಲಿ ಪಾಸಾಗದೆ ಉಳಿದಿದ್ದ, ಸಲಿಂಗಿಗಳಿಗೂ ರಕ್ಷಣೆ ಕೊಡುವ ಮಾನವ ಹಕ್ಕುಗಳ ನಿಯಮ ಅವರ ಕಾಲದಲ್ಲಿ, 1988ರಲ್ಲಿ, ಪಾಸಾಯಿತು. ಆದರೆ ಆ ರಾತ್ರಿಯ ಕಲೆ ಅವರ ಹೆಸರಿನಿಂದ ಹೋಗಲಿಲ್ಲ. 1989ರಲ್ಲಿ ಚುನಾವಣೆ ನಡೆಯಲೇಬೇಕೆಂದು ನ್ಯಾಯಾಲಯ ಹೇಳಿತು. ಕಪ್ಪು ಮತ ಎರಡು ಪಾಲಾಗಿತ್ತು. ಗೆದ್ದವರು ರಿಚರ್ಡ್ ಎಂ. ಡೇಲಿ, ಹಳೆಯ ಡೇಲಿಯವರ ಮಗ.

ಬೆಂಗಳೂರಿನ ಓದುಗರು ಇದನ್ನೆಲ್ಲ ಓದಿ ಒಂದು ನಿಟ್ಟುಸಿರು ಬಿಟ್ಟರೆ ಆಶ್ಚರ್ಯವಿಲ್ಲ. ನಮ್ಮ ಮಹಾನಗರಪಾಲಿಕೆಗಳಲ್ಲಿ ಮೇಯರ್‌ನನ್ನು ಜನ ನೇರ ಆರಿಸುವುದಿಲ್ಲ, ಕಾರ್ಪೊರೇಟರುಗಳು ತಮ್ಮಲ್ಲೇ ಒಬ್ಬರನ್ನು ಆರಿಸುತ್ತಾರೆ. 1976ರ ಪಾಲಿಕೆ ಕಾಯಿದೆಯಲ್ಲಿ ಅದೂ ಒಂದೇ ವರ್ಷಕ್ಕೆ. ಮೀಸಲಾತಿಯ ಸರದಿ, ಪಕ್ಷದೊಳಗಿನ ಸರದಿ ಎಲ್ಲ ಸೇರಿ ಮೇಯರ್ ಗೌನು ತೊಟ್ಟು ಫೋಟೋ ತೆಗೆಸಿಕೊಳ್ಳುವಷ್ಟರಲ್ಲಿ ವರ್ಷ ಮುಗಿಯುತ್ತದೆ. ಒಂದರ್ಥದಲ್ಲಿ ನಮ್ಮ ಮೇಯರುಗಳೆಲ್ಲ ಹಂಗಾಮಿಗಳೇ. ಅದಕ್ಕಿಂತ ದೊಡ್ಡ ಸಂಗತಿ, 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಖಾಲಿಯಾದದ್ದು ಬರೀ ಮೇಯರ್ ಕುರ್ಚಿಯಲ್ಲ, ಅದನ್ನು ತುಂಬಬೇಕಾದ ಸಭೆಯೇ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆದಿರಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಆಡಳಿತಾಧಿಕಾರಿಗಳು ಬಂದರು, ಬದಲಾದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಕುರ್ಚಿಗಾಗಿ ಬೆಳಗಿನ ಜಾವದವರೆಗೆ ಕಿತ್ತಾಡಿದ ಶಿಕಾಗೋ ಸದಸ್ಯರನ್ನು ಕಂಡು ನಗುವ ಯೋಗ್ಯತೆ ನಮಗಿಲ್ಲ. ಕಿತ್ತಾಡಲು ಅವರಿಗೊಂದು ಸಭೆಯಾದರೂ ಇತ್ತು.

ಈಗ ಎಡ್ ಲೀ ಸತ್ತ ಮೇಲಿನ ಕಥೆ. ನಿಯಮದಂತೆ ಬೋರ್ಡಿನ ಅಧ್ಯಕ್ಷೆ ಲಂಡನ್ ಬ್ರೀಡ್ ಹಂಗಾಮಿ ಮೇಯರ್ ಆದರು. ಬಡವರಿಗೆಂದು ಸರ್ಕಾರ ಕಟ್ಟಿಸಿದ ವಸತಿಯಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದ ಕಪ್ಪು ಹೆಣ್ಣುಮಗಳು. 2018ರ ಜೂನ್‌ಗೆ ಚುನಾವಣೆ ನಿಗದಿಯಾಯಿತು, ಬ್ರೀಡ್ ತಾವೂ ಅಭ್ಯರ್ಥಿ ಎಂದರು. ಬಯಕೆಯನ್ನು ಮುಚ್ಚಿಡಲಿಲ್ಲ. ಬೋರ್ಡಿನ ಎಡಪಂಥೀಯ ಸದಸ್ಯರಿಗೆ 2011 ಮರೆತಿರಲಿಲ್ಲ. ಮೇಯರ್ ಕಚೇರಿಯಲ್ಲಿ ಕೂತುಕೊಂಡು ಚುನಾವಣೆ ಎದುರಿಸುವವರಿಗೆ ಎಷ್ಟು ಬಲ ಬರುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಜೊತೆಗೆ ಇನ್ನೊಂದು ಆಕ್ಷೇಪ. ಹಂಗಾಮಿ ಮೇಯರ್ ಆಗಿಯೂ ಬೋರ್ಡಿನ ಅಧ್ಯಕ್ಷೆಯಾಗಿಯೂ ಒಬ್ಬರೇ ಇದ್ದರೆ ಒಂದು ಕೈ ಇನ್ನೊಂದನ್ನು ತಡೆಯುವುದು ಹೇಗೆ? ಜನವರಿ 23ರಂದು ಬೋರ್ಡ್ ಬ್ರೀಡ್ ಅವರನ್ನು ಬದಿಗಿಟ್ಟು ಮಾರ್ಕ್ ಫಾರೆಲ್ ಎಂಬ ಸದಸ್ಯರನ್ನು ಮೇಯರ್ ಮಾಡಿತು. ಫಾರೆಲ್ ನವೋದ್ಯಮಗಳಲ್ಲಿ ಬಂಡವಾಳ ಹೂಡುವವರು, ಶ್ರೀಮಂತರ ಬಡಾವಣೆಗಳ ಪ್ರತಿನಿಧಿ, ಬಿಳಿಯರು. ಎಡಪಂಥೀಯರು ತಮಗಿಂತ ಬಲಕ್ಕಿದ್ದವರಿಗೆ ಮತ ಹಾಕಿದರು, ಆ ಚುನಾವಣೆಗೆ ನಿಲ್ಲದವರು ಎಂಬ ಕಾರಣಕ್ಕೆ. ಪ್ರೇಕ್ಷಕರ ಸಾಲಿನಲ್ಲಿ ಕೂಗಾಟ, ಅಳು, ಶಾಪ ಎಲ್ಲ ನಡೆಯಿತು.

ಆ ಹೊತ್ತಿಗೆ ಎರಡೂ ಕಡೆ ನ್ಯಾಯವಿತ್ತು ಎಂದು ಹೇಳಿ ಜಾರಿಕೊಳ್ಳಬಹುದು. ನಾನು ಜಾರಿಕೊಳ್ಳುವುದಿಲ್ಲ. ಅಭ್ಯರ್ಥಿಯಾದವರು ಹಂಗಾಮಿಯಾಗಿ ಕೂರಬಾರದು ಎಂಬ ತತ್ವ ಸರಿ. ಆದರೆ ಆ ತತ್ವ ಚಾರ್ಟರಿನಲ್ಲಿ ಇರಲಿಲ್ಲ. ಇಡೀ ಏಳು ವರ್ಷ ಅದನ್ನು ಬರೆಸಲು ಸಮಯವಿತ್ತು. ಯಾರೂ ಬರೆಸಲಿಲ್ಲ. ಬ್ರೀಡ್ ಬಂದು ಕೂತ ಮೇಲೆ ಅದು ನೆನಪಾಯಿತು. ಒಬ್ಬರ ಮುಖ ನೋಡಿ ಹುಟ್ಟಿದ ನಿಯಮ ಎಷ್ಟೇ ಸರಿಯಾಗಿದ್ದರೂ ಆ ಮುಖದವರಿಗೆ ಅದು ಅವಮಾನವಾಗಿಯೇ ಕಾಣುತ್ತದೆ. ಆ ಮುಖದ ಬಣ್ಣ ಕಪ್ಪಾಗಿದ್ದು, ಆ ಊರಿನಲ್ಲಿ ಕಪ್ಪು ಜನ ಬಾಡಿಗೆ ಕಟ್ಟಲಾಗದೆ ದಶಕಗಳಿಂದ ಖಾಲಿಯಾಗುತ್ತಾ ಬಂದಿರುವಾಗ, ಆ ಪ್ರೇಕ್ಷಕರ ಸಿಟ್ಟಿಗೆ ಬೇರೆ ವಿವರಣೆ ಬೇಕಿಲ್ಲ.

ಫಾರೆಲ್ ಆಯ್ಕೆಯಲ್ಲಿ ಒಂದು ಜಾಣತನ ಮಾತ್ರ ಇತ್ತು. ಜೂನ್ ಚುನಾವಣೆಗೆ ನಾಮಪತ್ರ ಸಲ್ಲಿಸುವ ಗಡುವು ಅದಾಗಲೇ ಮುಗಿದುಹೋಗಿತ್ತು. ಅವರಿಂದ ಯಾರೂ ಭಾಷೆ ಪಡೆಯಬೇಕಾಗಿರಲಿಲ್ಲ, ಕ್ಯಾಲೆಂಡರೇ ಅವರನ್ನು ಕಟ್ಟಿಹಾಕಿತ್ತು. ಬಿಲಾಂಡಿಕ್‌ರಿಂದ, ಲೀ ಅವರಿಂದ ಬಾಯಿಮಾತು ಪಡೆದವರಿಗೆ ಹೊಳೆಯದ ಉಪಾಯ ಇದು. ಹೊಳೆದದ್ದೂ ಅಲ್ಲ, ತಾರೀಖು ಹಾಗೆ ಬಂದು ಕೂತಿತ್ತು. ಹಂಗಾಮಿಯಾಗಿ ಆಯ್ಕೆಯಾದವರು ಮುಂದಿನ ಒಂದು ಚುನಾವಣೆಗೆ ನಿಲ್ಲುವಂತಿಲ್ಲ ಎಂದು ಪ್ರತಿ ಊರೂ ಶಾಂತವಾಗಿರುವ ಕಾಲದಲ್ಲಿ, ಯಾರ ಮುಖವೂ ಎದುರಿಗಿಲ್ಲದಾಗ, ಬರೆದಿಟ್ಟುಕೊಂಡರೆ ಮುಗಿಯಿತು. ಆಗ ಮನುಷ್ಯರ ಸಂಯಮವನ್ನು ಹರಾಜಿಗಿಡಬೇಕಾಗುವುದಿಲ್ಲ. ಒಳ್ಳೆಯವರನ್ನು ಮಾತು ತಪ್ಪುವ ಪರಿಸ್ಥಿತಿಗೆ ತಳ್ಳಿ ಆಮೇಲೆ ಬೈಯಬೇಕಾಗಿಯೂ ಇಲ್ಲ. ನಿರ್ಮೋಹ ಅಪರೂಪದ ಗುಣ, ಅದನ್ನು ಸಿಕ್ಕಿದಲ್ಲಿ ಗೌರವಿಸೋಣ. ಊರಿನ ಆಡಳಿತವನ್ನು ಅದು ಸಿಕ್ಕೇ ಸಿಗುತ್ತದೆಂಬ ನಂಬಿಕೆಯ ಮೇಲೆ ಕಟ್ಟುವುದು ಬೇಡ.

2018ರ ಜೂನ್‌ನಲ್ಲಿ ಲಂಡನ್ ಬ್ರೀಡ್ ಕೂದಲೆಳೆಯ ಅಂತರದಲ್ಲಿ ಗೆದ್ದರು. ಎಣಿಕೆಗೇ ವಾರಕ್ಕಿಂತ ಹೆಚ್ಚು ಹಿಡಿಯಿತು. ಜುಲೈನಲ್ಲಿ ಫಾರೆಲ್ ಕುರ್ಚಿ ಬಿಟ್ಟುಕೊಟ್ಟು ಮನೆಗೆ ಹೋದರು. 2024ರಲ್ಲಿ ಅದೇ ಕುರ್ಚಿಗಾಗಿ ಬ್ರೀಡ್ ವಿರುದ್ಧ ತಾವೇ ಅಭ್ಯರ್ಥಿಯಾಗಿ ವಾಪಸ್ ಬಂದರು. ಫಾರೆಲ್ ನಾಲ್ಕನೆಯವರಾದರು, ಬ್ರೀಡ್ ಕೂಡ ಸೋತರು. ಗೆದ್ದವರು ಅದುವರೆಗೆ ಯಾವ ಚುನಾಯಿತ ಹುದ್ದೆಯಲ್ಲೂ ಕೂತಿರದ ಡೇನಿಯಲ್ ಲೂರಿ.